ಚಿಂಚಿಲ್ಲಾ ಜೋಡಿ ಮಾಡೋ ಮುಂಚೆ ಒಂದಿಷ್ಟು ಲೆಕ್ಕ

ಆಳಂದ ಕಡೆಯ ಸರಸಂಬಾದಂಥ ಊರಲ್ಲಿ ಆಡು, ಕೋಳಿ ನೋಡ್ತಾ ಬೆಳೆದವರಿಗೆ ಮರಿ ಮಾಡಿಸೋದು ದೊಡ್ಡ ವಿದ್ಯೆ ಅನಿಸೋದಿಲ್ಲ. ಗಂಡು-ಹೆಣ್ಣು ಕೂಡಿಸಿದ್ರ ಆತು! ಚಿಂಚಿಲ್ಲಾಕ್ಕೆ ಈ ಲೆಕ್ಕ ನಡೆಯೋದಿಲ್ಲ.

ನಾವು ಹೇಳ್ತಿರೋದು ಸೋವಿಯತ್ ಚಿಂಚಿಲ್ಲಾ ಅನ್ನೋ ಮೊಲದ ತಳಿಯ ಬಗ್ಗೆ ಅಲ್ಲ. ಆಂಡಿಸ್ ಪರ್ವತದ, ಇಲಿಯ ಬಳಗಕ್ಕೆ ಸೇರಿದ, ಸುಮಾರು ಅರ್ಧ ಕಿಲೋ ತೂಗುವ ಪ್ರಾಣಿಯ ಬಗ್ಗೆ. 1923ರಲ್ಲಿ ಚಾಪ್‌ಮನ್ ಎಂಬಾತ ತುಪ್ಪಳದ ವ್ಯಾಪಾರಕ್ಕಾಗಿ ಚಿಲಿಯಿಂದ ಅಮೆರಿಕಕ್ಕೆ 11 ಚಿಂಚಿಲ್ಲಾ ಒಯ್ದ. ಇವತ್ತಿನ ಸಾಕು ಚಿಂಚಿಲ್ಲಾಗಳಲ್ಲಿ ಬಹಳಷ್ಟು ಅವುಗಳ ಸಂತಾನವೇ. ಹಾಗಾಗಿ ವಂಶ ಗೊತ್ತಿಲ್ಲದ ಜೋಡಿಯನ್ನು ಕೂಡಿಸಲೇಬಾರದು.

ಮೊದಲ ತೊಡಕು ಬಿಸಿಲು. ಒಂದೊಂದು ಬೇರಿನಿಂದ 50ಕ್ಕೂ ಹೆಚ್ಚು ಕೂದಲು ಹುಟ್ಟುವ ಈ ಪ್ರಾಣಿಗೆ 25 ಡಿಗ್ರಿ ದಾಟಿದರೆ ಕಷ್ಟ. ನಮ್ಮಲ್ಲಿ ಮೇ ತಿಂಗಳು 40 ದಾಟುತ್ತದೆ. ಕೂಲರ್ ಇದೆಯಲ್ಲ ಅಂತೀರಾ? ಕೂಲರ್ ನೀರು ಆವಿ ಮಾಡಿ ತಂಪು ಕೊಡೋದು, ಅಂದರೆ ಗಾಳಿಗೆ ತೇವ ಸೇರಿಸುತ್ತದೆ. ಒಣ ಬೆಟ್ಟದ ಪ್ರಾಣಿಗೆ ತೇವವೂ ಆಗದು. ಉಳಿದದ್ದು ಎಸಿ, ಕರೆಂಟ್ ಹೋದರೆ ಅದೂ ಇಲ್ಲ. ಇನ್ನು ಗರ್ಭದ ಅವಧಿ ಸುಮಾರು 111 ದಿನ. ಸಂಕ್ರಾಂತಿಗೆ ಕೂಡಿದರೆ ಹೆರಿಗೆ ಸರಿಯಾಗಿ ಮೇ ಮೊದಲ ವಾರ! ಕ್ಯಾಲೆಂಡರ್ ನೋಡದೆ ಜೋಡಿ ಮಾಡಿದರೆ ತಾಯಿಯನ್ನು ಕುಲುಮೆಗೆ ದೂಡಿದಂತೆ.

ಎರಡನೆಯದು ಬಣ್ಣದ ಆಸೆ. ಬಿಳಿ ಬಣ್ಣದ ಜೀನ್ ಪ್ರಬಲವಾದದ್ದು, ಆದರೆ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಉಳಿಯೋದಿಲ್ಲ. ಪಿಯುಸಿಯಲ್ಲಿ ಬರೆದ ಪನೆಟ್ ಚೌಕ ನೆನಪಿದೆಯಾ? ಬಿಳಿ-ಬಿಳಿ ಕೂಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಹೊಟ್ಟೆಯಲ್ಲೇ ಹೋಗುತ್ತದೆ. ವೆಲ್ವೆಟ್ ಬಣ್ಣದ ಜೋಡಿಗೂ ಇದೇ ಕಥೆ. ಹಲ್ಲು ಕೂಡ ನೋಡಬೇಕು. ಚಿಂಚಿಲ್ಲಾ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಅಡ್ಡಾದಿಡ್ಡಿ ಬೆಳೆಯುವ ದೋಷ ವಂಶದಲ್ಲಿ ಇಳಿಯಬಹುದು, ಅಂಥದ್ದನ್ನು ತಳಿಗೆ ಬಳಸಬಾರದು.

ಮರಿಗಳು ಸಾಮಾನ್ಯವಾಗಿ ಎರಡು. ಮೈತುಂಬ ಕೂದಲು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ, ನೋಡೋಕೆ ಬಲು ಚೆಂದ. ಆದರೆ ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲಳು. ಒಂದು ಕಡೆ ಹಾಲೂಡಿಸುತ್ತಾ ಇನ್ನೊಂದು ಕಡೆ ಬಸುರು ಹೊತ್ತರೆ ಅವಳು ಸೊರಗಿ ಹೋಗುತ್ತಾಳೆ. ಗಂಡನ್ನು ಹೆರಿಗೆಗೆ ಮುಂಚೆಯೇ ಬೇರೆ ಗೂಡಿಗೆ ಹಾಕಬೇಕು. ಎಂಟು ವಾರಕ್ಕೆ ಗಂಡು ಮರಿಗಳನ್ನೂ ತಾಯಿಯಿಂದ ಬಿಡಿಸಬೇಕು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಅಭಿಪ್ರಾಯ ಒಂದೇ: ಈ ಸೀಮೆಯಲ್ಲಿ ಮರಿ ಮಾಡಿಸೋ ಕೆಲಸಕ್ಕೆ ಕೈ ಹಾಕಬೇಡಿ. ಈಗಾಗಲೇ ತಂದಿದ್ದರೆ ಎರಡೂ ಒಂದೇ ಲಿಂಗದವು ಹೌದೋ ಅಂತ ಪಶುವೈದ್ಯರಿಗೆ ತೋರಿಸಿ. ಹೆಣ್ಣಿಗೂ ಗಂಡಿನಂಥದ್ದೇ ಸಣ್ಣ ಮೂತ್ರದ ಮೊನೆ ಇರೋದರಿಂದ ಮಾರುವವರೂ ತಪ್ಪುತ್ತಾರೆ.