ಪದರ ಬಿಡಿಸಿದರೆ ನಾಲ್ವರಿಗೆ ನೋಟ

2006ರ ಏಪ್ರಿಲ್ 12ರಂದು ನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಅಗಲಿದಾಗಲೂ ಹಾಗೇ ಆಯಿತು. ಆದರೆ ಪುನೀತ್ ಕಣ್ಣುಗಳಿಂದ ನೋಟ ಪಡೆದವರು ನಾಲ್ವರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಬಿಡಿಸಿ, ಮುಂಪದರ ಕೆಟ್ಟವರಿಗೆ ಮುಂಭಾಗವನ್ನೂ ಒಳಪದರ ಕೆಟ್ಟವರಿಗೆ ಹಿಂಭಾಗವನ್ನೂ ಕಸಿ ಮಾಡಿದ್ದರು.

ಹೀಗೆ ಮುಂಭಾಗವಷ್ಟೇ ಸಾಕಾಗುವ ಕಾಯಿಲೆಗಳಲ್ಲಿ ಕೆರಟೋಕೋನಸ್ ಮುಖ್ಯವಾದದ್ದು. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಈ ಕಾಯಿಲೆಯಲ್ಲಿ ಅದು ತೆಳುವಾಗುತ್ತಾ, ಸವೆದ ಟೈರಿನಲ್ಲಿ ಟ್ಯೂಬು ಉಬ್ಬುವಂತೆ ಮುಂದಕ್ಕೆ ಚೂಪಾಗುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರು. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ, ದೀಪಗಳು ಚದುರಿದಂತೆ ಕಾಣುತ್ತವೆ. ಅಲರ್ಜಿಯ ತುರಿಕೆಗೆ ಕಣ್ಣುಜ್ಜುವ ಅಭ್ಯಾಸ ಇದನ್ನು ಹೆಚ್ಚಿಸುತ್ತದೆ.

ಬೇಗ ಗೊತ್ತಾದರೆ ರೈಬೋಫ್ಲೇವಿನ್ ಹನಿ ಹಾಕಿ, ನೇರಳಾತೀತ ಕಿರಣ ಬಿಟ್ಟು ಕಾರ್ನಿಯಾದ ಕೊಲಾಜೆನ್ ಎಳೆಗಳನ್ನು ಬಿಗಿಗೊಳಿಸಬಹುದು. ಉಬ್ಬು ಹೆಚ್ಚಿದವರಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ನೆರವಾಗುತ್ತದೆ. ಲೆನ್ಸ್ ಕೂರದಷ್ಟು ಚೂಪಾದಾಗ, ಇಲ್ಲವೇ ಕಲೆ ಬಿದ್ದಾಗ ಕಸಿಯೇ ದಾರಿ.

1905ರ ಡಿಸೆಂಬರ್‌ನಲ್ಲಿ ಎಡುವರ್ಡ್ ಜಿರ್ಮ್ ಮಾಡಿದ ಮೊದಲ ಯಶಸ್ವಿ ಕಸಿಯಲ್ಲಿ ಕಾರ್ನಿಯಾದ ಪೂರ್ತಿ ದಪ್ಪವನ್ನೇ ಬದಲಿಸಲಾಗಿತ್ತು. ಈಗ 'ಡಾಲ್ಕ್' ವಿಧಾನದಲ್ಲಿ ಸೂಜಿಯಿಂದ ಗಾಳಿಗುಳ್ಳೆ ಬಿಟ್ಟು ಒಳಪದರವನ್ನು ಬೇರ್ಪಡಿಸಿ, ಅದನ್ನು ಉಳಿಸಿಕೊಂಡು ಮುಂದಿನದನ್ನಷ್ಟೇ ತೆಗೆಯುತ್ತಾರೆ. ದಾನಿಯ ಮುಂಪದರವನ್ನು ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದಿಂದ ಹೊಲಿಯುತ್ತಾರೆ. ಒಳಪದರದ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ; ದೇಹ ಪರಕೀಯವೆಂದು ಅವುಗಳ ಮೇಲೆರಗಿದರೆ ಕಸಿಯೇ ಮಂಜಾಗುತ್ತದೆ. ಆ ಪದರ ರೋಗಿಯದೇ ಆಗಿದ್ದರೆ ಈ ಭಯವಿಲ್ಲ. ಕಲೆ ಒಳಪದರಕ್ಕೂ ಇಳಿದಿದ್ದರೆ ಮಾತ್ರ ಪೂರ್ತಿ ಕಸಿ ಬೇಕು.

ಕಸಿಯ ನಂತರ ನೋಟ ಸ್ಥಿರವಾಗಲು ತಿಂಗಳುಗಳು ಬೇಕು; ಹೊಲಿಗೆ ಬಿಚ್ಚಿದ ಮೇಲೂ ಹಲವರಿಗೆ ಕನ್ನಡಕ ಇಲ್ಲವೇ ಲೆನ್ಸ್ ಬೇಕಾಗುತ್ತದೆ. ಕಸಿಯಾದ ಕಣ್ಣು ಕೆಂಪಾದರೆ, ನೋವು ಬಂದರೆ, ಮಂಜಾದರೆ ಅಂದೇ ವೈದ್ಯರನ್ನು ಕಾಣಬೇಕು.

ಯಾವ ವಿಧಾನವಾದರೂ ದಾನಿಯಿಲ್ಲದೆ ನಡೆಯದು. ವಯಸ್ಸು, ಕನ್ನಡಕ, ಸಕ್ಕರೆ ಕಾಯಿಲೆ ನೇತ್ರದಾನಕ್ಕೆ ಅಡ್ಡಿಯಲ್ಲ. ಸಾವಾದ ಆರು ಗಂಟೆಯೊಳಗೆ ಕಣ್ಣು ಸಿಗಬೇಕು. ಕೂಡಲೇ ನೇತ್ರ ಬ್ಯಾಂಕಿಗೆ ತಿಳಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಡಿ. ದಾನದ ಇಚ್ಛೆಯನ್ನು ಮನೆಯವರಿಗೆ ಇಂದೇ ಹೇಳಿಡಿ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.