ಬೆಂಕಿಕಡ್ಡಿಯ ಗಣಿತ

ಸಹಪಾಠಿಗಳೇ, ಗಣಿತ ಎಂದರೆ ನಮ್ಮಲ್ಲಿ ಅನೇಕರಿಗೆ ಕಬ್ಬಿಣದ ಕಡಲೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಹೋಯ್ತು ಅಂತ ಓದು ಬಿಟ್ಟ ಅಕ್ಕಂದಿರು ನಮ್ಮೂರಲ್ಲಿ ಇದ್ದಾರೆ. ನಮ್ಮ ದೊಡ್ಡಪ್ಪನ ಮಗಳೂ ಹಾಗೇ ಮನೇಲಿ ಕೂತಿದ್ದಾಳೆ. ಈ ಮಾತು ಬಂದಾಗ ನಮ್ಮ ಗಣಿತದ ಮೇಷ್ಟ್ರು, "ನಾವು ಬೋರ್ಡಿನ ಮೇಲೆ ಬರೀತೀವಿ, ನೀವು ನೋಟ್‌ಬುಕ್ಕಿಗೆ ಇಳಿಸ್ಕೊಳ್ತೀರಿ. ಕೈಗೆ ಬೇರೆ ಕೆಲಸವೇ ಇಲ್ಲ, ಹೇಗೆ ತಲೆಗೆ ಹತ್ತುತ್ತೆ?" ಎಂದರು. ಆಮೇಲೆ ಹೋಶಂಗಾಬಾದಿನ ವಿಷಯ ತಿಳಿಸಿದರು.

ಅದು ಮಧ್ಯಪ್ರದೇಶದ ಜಿಲ್ಲೆ. ಈಗ ಅದರ ಹೆಸರು ನರ್ಮದಾಪುರಂ. ಅಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನವನ್ನು ಹೊಸ ರೀತಿಯಲ್ಲಿ ಕಲಿಸಲು ಆರಂಭಿಸಿದರು. ಮಕ್ಕಳು ಗುಂಪಾಗಿ ಕುಳಿತು ತಾವೇ ಪ್ರಯೋಗ ಮಾಡಿ ಉತ್ತರ ಹುಡುಕಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತಂತೆ! (ನಮಗೂ ಹಂಗೇ ಇದ್ದಿದ್ದರೆ!) ಮುಂದೆ ಇದು ನೂರಾರು ಶಾಲೆಗಳಿಗೆ ಹರಡಿತು. 2002ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಕೇಳಿ ನನಗಂತೂ ಬೇಜಾರಾಯಿತು.

1978ರಲ್ಲಿ ಅರವಿಂದ ಗುಪ್ತಾ ಎಂಬ ಇಂಜಿನಿಯರ್ ಅಲ್ಲಿಗೆ ಹೋಗಿದ್ದರು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ ಟ್ಯೂಬಿನಿಂದ ಜೋಡಿಸಿ ಆಕಾರ ಮಾಡುವುದನ್ನು ಅವರು ಕಂಡುಹಿಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಮಾಡುವ ವಿಧಾನ ಸುಲಭ. ಕಡ್ಡಿಯ ಮದ್ದು ಕೆರೆದು ತೆಗೆಯಿರಿ. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಎರಡೂ ಕಡೆಯಿಂದ ಕಡ್ಡಿ ತೂರಿಸಿ. ಮೂರು ಕಡ್ಡಿ ಸೇರಿದರೆ ತ್ರಿಭುಜ. ಅದನ್ನು ಹೇಗೆ ಒತ್ತಿದರೂ ಆಕಾರ ಬದಲಾಗಲ್ಲ. ನಾಲ್ಕು ಕಡ್ಡಿಯ ಚೌಕ ಮಾಡಿ ಒತ್ತಿ. ಓರೆಯಾಗಿ ವಜ್ರಾಕೃತಿ ಆಗುತ್ತೆ, ಇನ್ನೂ ಒತ್ತಿದರೆ ಚಪ್ಪಟೆ! ಸುತ್ತಳತೆ ಅದೇ ನಾಲ್ಕು ಕಡ್ಡಿ, ಆದರೆ ವಿಸ್ತೀರ್ಣ ಕಮ್ಮಿಯಾಗುತ್ತಾ ಹೋಯಿತು, ಅಲ್ವಾ?

ಏಕೆ ಹೀಗೆ? ಮೂರು ಬಾಹುಗಳ ಉದ್ದ ಗೊತ್ತಾದರೆ ಒಂದೇ ಒಂದು ತ್ರಿಭುಜ ಸಾಧ್ಯ. ಕೋನ ಬದಲಾಗಬೇಕಾದರೆ ಯಾವುದಾದರೂ ಕಡ್ಡಿ ಉದ್ದವಾಗಬೇಕು ಇಲ್ಲವೇ ಗಿಡ್ಡವಾಗಬೇಕು. ನಾಲ್ಕು ಬಾಹುಗಳಿದ್ದರೆ ಉದ್ದ ಹಾಗೇ ಇದ್ದು ಕೋನ ಮಾತ್ರ ಬದಲಾಗಬಹುದು. ಇದನ್ನು ಅಕ್ಕನಿಗೆ ತೋರಿಸಿದೆ. ಅವಳು ಸುಮಾರು ಹೊತ್ತು ಒತ್ತಿ ಒತ್ತಿ ನೋಡಿ, "ಬಾಹು ಬಾಹು ಬಾಹು ಅಂತ ಬಾಯಿಪಾಠ ಮಾಡಿದ್ದೆ ಕಣೋ, ಇದೇನಾ ಅದು?" ಎಂದಳು. ಕಡ್ಡಿಗಳನ್ನು ವಾಪಸ್ ಕೊಡಲೇ ಇಲ್ಲ.

ಚೌಕಕ್ಕೆ ಮೂಲೆಯಿಂದ ಮೂಲೆಗೆ ಓರೆಕಡ್ಡಿ ಹಾಕಿದರೆ ಎರಡು ತ್ರಿಭುಜಗಳಾಗಿ ಗಟ್ಟಿಯಾಗುತ್ತೆ. ಬೆಂಕಿಕಡ್ಡಿ ಸಾಲಲ್ಲ, ಕರ್ಣ ಬಾಹುವಿಗಿಂತ ಉದ್ದ, ಸುಮಾರು 1.4 ಪಟ್ಟು. ಪೊರಕೆಕಡ್ಡಿ ಹಾಕಿ. ನಮ್ಮ ಕೈತೋಟದ ಬಿದಿರಿನ ಗೇಟು ಜೋತು ಬಿದ್ದು ಮೇಕೆ ನುಗ್ಗಿ ಬದನೆಗಿಡವೆಲ್ಲ ತಿಂದವಲ್ಲ, ಅದಕ್ಕೂ ಒಂದು ಓರೆಗಳ ಕಟ್ಟಿದೆವು. ಈಗ ಅಲುಗಾಡಲ್ಲ.

ಐದು ಕಡ್ಡಿಯ ಆಕಾರಕ್ಕೆ ಎರಡು ಓರೆಕಡ್ಡಿ ಬೇಕಾಯಿತು. ಆರಕ್ಕೆ ಮೂರು. ಹಾಗಾದರೆ ಹತ್ತಕ್ಕೆ ಎಷ್ಟು? ಮಾಡಿ ನೋಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಈ ಪತ್ರಿಕೆಯ ಕೆಳಗಿನ ಡಬ್ಬದಲ್ಲಿ ಹಾಕಿ.