ಕೈಗಡಿಯಾರಗಳಿಗೊಂದು ದಫ್ತರ

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ನಿರ್ಮಾಣವನ್ನಾರಂಭಿಸಿದ ಎಚ್‌ಎಂಟಿಯ ಜನತಾ, ಪೈಲಟ್, ಕಾಂಚನ್ ಮೊದಲಾದವುಗಳನ್ನು ಆಸ್ಥೆಯಿಂದ ಸಂಗ್ರಹಿಸುತ್ತ ಬಂದವರು, ಯಾವುದನ್ನು ಎಲ್ಲಿ ಕೊಂಡೆವು, ಯಾವುದಕ್ಕೆ ಎಂದು ಎಣ್ಣೆ ಹಾಕಿಸಿದೆವು ಎಂಬುದಕ್ಕೆ ಸ್ಮರಣಶಕ್ತಿಯೊಂದನ್ನೇ ನೆಚ್ಚುವುದು ಉಚಿತವಲ್ಲ. ಒಂದು ದಫ್ತರ ಬೇಕು; ಅದು ನೋಟುಪುಸ್ತಕವಾದರೂ ಸರಿಯೇ, ಫೋನಿನೊಳಗಿನ ಎಕ್ಸೆಲ್ ಹಾಳೆಯಾದರೂ ಸರಿಯೇ.

ಮಾದರಿಯ ಹೆಸರು, ಹಿಂಬದಿಯ ಮುಚ್ಚಳದ ಸಂಖ್ಯೆ, ಕೊಂಡ ದಿನ, ತೆತ್ತ ಬೆಲೆ ಇವು ಯಾರಿಗಾದರೂ ಹೊಳೆಯತಕ್ಕವು. ಆದರೆ ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಒಂದರ ಯಂತ್ರವನ್ನು ಇನ್ನೊಂದರ ಕವಚದಲ್ಲಿ ಕೂರಿಸಿ, ಅಪ್ಪಟವೆಂದು ಮಾರುವ ವ್ಯಾಪಾರವು ವಿಪುಲವಾಗಿರುವುದರಿಂದ, ಡಯಲು, ಮುಳ್ಳು, ಕವಚ, ಯಂತ್ರ ಇವುಗಳಲ್ಲಿ ಯಾವುದು ಮೂಲದ್ದು, ಯಾವುದು ಅನಂತರ ಸೇರಿದುದು, ಯಾವುದು ಸಂಶಯಾಸ್ಪದವೆಂಬುದನ್ನು ಪ್ರತ್ಯೇಕವಾಗಿಯೇ ನಮೂದಿಸಬೇಕು. ಸಂಶಯವನ್ನು ಸಂಶಯವೆಂದು ಬರೆಯದ ದಫ್ತರವು, ನನ್ನ ಮಟ್ಟಿಗೆ, ಬರಿಯ ಆತ್ಮಪ್ರಶಂಸೆ.

ರಿಪೇರಿಯವರು ಮುಚ್ಚಳವನ್ನು ತೆರೆದ ಗಳಿಗೆಯಲ್ಲಿಯೇ, ಯಂತ್ರದ ಮೇಲಿನ ಸಂಖ್ಯೆಯೂ 17 ಜ್ಯುವೆಲ್ ಎಂಬಂಥ ಬರಹವೂ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದುಕೊಳ್ಳಿರಿ. ಚಿತ್ರಕ್ಕಾಗಿಯೇ ಮತ್ತೊಮ್ಮೆ ತೆರೆಯಿಸುವುದು ಧೂಳಿಗೆ ಕೊಟ್ಟ ಆಹ್ವಾನ.

ಕೀಲಿ ಕೊಡುವ ಗಡಿಯಾರವಾದರೆ, ಪೂರ್ತಿ ಕೀಲಿ ಕೊಟ್ಟು ಮೊಬೈಲಿನ ವೇಳೆಗೆ ಹೊಂದಿಸಿ, 24 ಗಂಟೆಗಳ ತರುವಾಯ ಅದು ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ನಡೆದಿದೆಯೆಂದು ಆಗಾಗ ಬರೆದಿಡಿರಿ. ಈ ಅಂತರ ಕ್ರಮೇಣ ವರ್ಧಿಸುತ್ತಿದ್ದರೆ, ಒಳಗಿನ ಎಣ್ಣೆ ಒಣಗಿರಬಹುದು.

ಇನ್ನೊಂದು ಮಾತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟವು 2016ರಲ್ಲಿ ಸಮ್ಮತಿಸಿದ ಮೇಲೆ ಮೂಲ ಬಿಡಿಭಾಗಗಳು ದುರ್ಲಭವಾಗಿವೆ. ಆದುದರಿಂದ ರಿಪೇರಿಯಲ್ಲಿ ಕಳಚಿದ ಹಳೆಯ ಮುಳ್ಳನ್ನೋ ಗಾಜನ್ನೋ ಎಸೆಯಗೊಡದೆ ಕೇಳಿ ಪಡೆದು, ಪುಟ್ಟ ಲಕೋಟೆಯಲ್ಲಿ ಹಾಕಿ, ಅದರ ಮೇಲೆ ಗಡಿಯಾರದ ಕ್ರಮಸಂಖ್ಯೆಯನ್ನು ಬರೆಯಿರಿ.